ಮಂಡಿ ಮುರಿದ ಮಹಾನುಭಾವ

ಫಿಸಿಯೋಥೆರಪಿ ಕೇಂದ್ರದ ಮೊದಲ ಮಹಡಿಯಲ್ಲಿ ನನ್ನ ಭುಜದ ಸರದಿಗೆ ಕಾಯುತ್ತಿದ್ದೆ. ಚಿಕಿತ್ಸೆ ಮುಗಿಸಿದ ಹೆಂಗಸೊಬ್ಬರು ಕುಂಟದೆ ನಡೆದುಬಂದು ಎದುರಿಗೆ ಕೂತರು. ಅವರಿಗಾಗಿಯೇ ಕಾದಿದ್ದ ಯುವಕ ಬಗ್ಗಿ ಅವರ ಶೂ ಲೇಸು ಕಟ್ಟತೊಡಗಿದ. ಕೌಂಟರಿನಾಕೆ ಕೇಳಿದಳು.

“ಮಗನಾ, ಅಳಿಯನಾ?”

“ಎರಡೂ ಅಲ್ಲಮ್ಮ. ಸ್ಕೀಯಿಂಗ್‌ಗೆ ಹೋಗಿದ್ದಾಗ ಹಿಂದಿನಿಂದ ಬಂದು ಗುದ್ದಿ ನನ್ನ ಮಂಡಿ ಮುರಿದ ಮಹಾನುಭಾವ.”

“ಎಲ್ಲರ ಮುಂದೆ ಹೇಳ್ಲೇಬೇಕಾ, ಅಕ್ಕ?”

“ಉಳಿದಿದ್ದನ್ನೂ ಹೇಳ್ತೀನಿ, ಸುಮ್ನಿರು. ತನ್ನ ಜಾಕೆಟ್ ಬಿಚ್ಚಿ ನನಗೆ ಹೊದಿಸಿ, ಜನ ಬರೋವರೆಗೂ ಹಿಮದಲ್ಲಿ ನನ್ನ ಕಾಲು ಅಲುಗಾಡದ ಹಾಗೆ ಹಿಡ್ಕೊಂಡು ಕೂತಿದ್ದ.”

“ಹಲ್ಲು ಕಟಕಟಿಸ್ತಿದ್ರೂ ಇವರ ಬೈಗುಳ ಮಾತ್ರ ನಿಲ್ಲಲಿಲ್ಲ.”

“ಆಮೇಲೆ ಪ್ರತಿ ಬುಧವಾರ ತನ್ನ ಬೇಕರಿ ಬಾಗಿಲು ಹಾಕಿ ನನ್ನ ಇಲ್ಲಿಗೆ ಕರ್ಕೊಂಡು ಬಂದ. ಗುದ್ದಿದೋನಿಗೇ ಕೈ ಮುಗಿಯೋ ಹಾಗಾಯ್ತು, ನೋಡು ನನ್ನ ಪಾಡು.”

“ಅದಿರ್ಲಿ ಅಕ್ಕ, ಒಳಗೆ ಏನಂದ್ರು?”

“ಕ್ಲಚ್ ತುಳೀಬಹುದಂತೆ. ಸೋಮವಾರದಿಂದ ಸ್ಕೂಲ್ ಬಸ್ಸು ಓಡಿಸ್ತೀನಿ. ನನ್ನ ಕೆಲಸ ಉಳೀತು, ಕಣೋ. ನೀನು ಇನ್ನು ಬರೋದು ಬೇಡ.”

ಯುವಕ ಕಟ್ಟಿದ್ದ ಗಂಟನ್ನು ಬಿಚ್ಚಿ ಮತ್ತೆ ನಿಧಾನವಾಗಿ ಕಟ್ಟಿದ.

“ಹಾಗಾದ್ರೆ ಬುಧವಾರ ನಾನೇನು ಮಾಡ್ಲಿ?”

“ಬೇಕರಿ ತೆಗಿ. ಇಲ್ಲಾಂದ್ರೆ ಮನೆಗೆ ಊಟಕ್ಕೆ ಬಾ. ಅದಕ್ಕೂ ನನ್ನ ಮಂಡಿ ಮುರೀಬೇಕಾ?”

ಇಬ್ಬರೂ ಎದ್ದರು. ಮೆಟ್ಟಿಲಿನಲ್ಲಿ ಅವನು ಅವರಿಗೆ ಮುಖಮಾಡಿ, ಹಿಮ್ಮುಖವಾಗಿ ಇಳಿಯತೊಡಗಿದ.

“ಬಿದ್ರೆ ನನ್ನ ಮೇಲೇ ಬೀಳಿ, ಅಕ್ಕ.”

“ಬಿದ್ದೆ ಅಂತಿಟ್ಕೋ, ಮುಂದಿನ ಬುಧವಾರದಿಂದ ನಾನು ನಿನ್ನ ಕರ್ಕೊಂಡು ಬರ್ತೀನಿ.”