ನಾಲ್ಕು ಲೋಟ ನಿಂಬೆರಸ

ರಕ್ತ ಪರೀಕ್ಷೆಯ ಸಾಲಿನಲ್ಲಿ ನನ್ನ ಮುಂದೆ ಒಬ್ಬ ಅಜ್ಜಿ ಇದ್ದರು. ಜೊತೆಗೆ, ಮಿದುಳು ಜ್ವರದಿಂದ ಎದ್ದು ತಿಂಗಳಾದ ಆರು ವರ್ಷದ ಮೊಮ್ಮಗಳು. ನರ್ಸ್ ಸೂಜಿ ಸಿದ್ಧ ಮಾಡುತ್ತಿದ್ದಳು.

"ಜ್ವರ ಹೋಯ್ತಲ್ಲಮ್ಮ, ಮತ್ತೆ ಯಾಕೆ ರಕ್ತ?"

"ಸೋಂಕಿನ ಜೊತೆ ಹೊಡೆದಾಡುವಾಗ ಮೈಯೊಳಗೆ ಕಿಡಿ ಹಾರಿದ ಹಾಗೆ ಆಗುತ್ತೆ ಅಜ್ಜಿ, ಮಿದುಳಿಗೂ ತಾಗುತ್ತೆ. ಅದನ್ನ ಆರಿಸೋ ಆಂಟಿಆಕ್ಸಿಡೆಂಟ್ ಎಷ್ಟಿದೆ ಅಂತ ನೋಡ್ತಾರೆ."

"ನಿಂಬೆಹಣ್ಣಲ್ಲಿ ಇರುತ್ತಂತಲ್ಲ, ಅದಾ? ದಿನಕ್ಕೆ ನಾಲ್ಕು ಲೋಟ ಕುಡಿಸ್ತಿದೀನಿ."

"ನಾಲ್ಕಾ! ಊಟದ ಜೊತೆ ಒಂದು ಹಣ್ಣು ಸಾಕಜ್ಜಿ. ಜ್ವರ ಓಡಿಸಿದ್ದು ಇಂಜೆಕ್ಷನ್ನು, ನಿಂಬೆ ಅಲ್ಲ."

ಅಜ್ಜಿ ದನಿ ತಗ್ಗಿಸಿದರು. "ಆಸ್ಪತ್ರೆಯಿಂದ ಬಂದಾಗ ಅರಳು ಹುರಿದ ಹಾಗೆ ಮಾತಾಡ್ತಿದ್ಲು. ಈಗ ವಾರದಿಂದ ಬರೀ ಹೂಂ, ಉಹೂಂ. ಆ ಕಿಡಿ ತಾಗೇಬಿಡ್ತೇನೋ ಅಂತ ಭಯ ಆಗುತ್ತೆ."

"ಡಾಕ್ಟರಿಗೆ ಹೇಳಿ ಅಜ್ಜಿ, ಮುಚ್ಚಿಡಬೇಡಿ. ನಿಂಬೆ ಶುರು ಮಾಡಿದ್ದು ಯಾವಾಗ?"

"ಅದೂ ವಾರ ಆಯ್ತು."

ಸೂಜಿ ಚುಚ್ಚಿದರೂ ಹುಡುಗಿ ಅಳಲಿಲ್ಲ. ತೋಳು ಮಡಚಿಕೊಂಡು ನರ್ಸಿನ ಕಡೆ ತಿರುಗಿದಳು.

"ಅಕ್ಕಾ, ನಾನು ಬಾಯಿ ತೆಗೆದ್ರೆ ಸಾಕು, ಅಜ್ಜಿ ಒಳಗೆ ನಿಂಬೆರಸ ಸುರೀತಾಳೆ. ಸಕ್ಕರೇನೂ ಹಾಕಲ್ಲ! ಅದಕ್ಕೇ ಬಾಯಿ ತೆಗೀತಿರಲಿಲ್ಲ."

ಅಜ್ಜಿ ಅವಳನ್ನು ಎತ್ತಿ ಸೊಂಟದ ಮೇಲಿಟ್ಟುಕೊಂಡು ಡಾಕ್ಟರ ಕೋಣೆಯತ್ತ ಹೊರಟರು. ಪಡಸಾಲೆಯ ತುದಿಯವರೆಗೂ ಹುಡುಗಿಯ ಬೈಗುಳ ಕೇಳುತ್ತಲೇ ಇತ್ತು; ಅಜ್ಜಿ ಒಂದೊಂದಕ್ಕೂ ನಗುತ್ತಿದ್ದರು.