ಮಂಚದ ತಲೆಯ ಮೇಲಿನ ಗಾಳಿಗಂಟೆ

ಹೆಸರು ಖೂ ಸಿಯು ಎಂಗ್, ವಯಸ್ಸು ಐವತ್ತೆಂಟು, ಪೂಜಾಸಾಮಗ್ರಿ ಹಾಗೂ ಗಾಳಿಗಂಟೆಗಳ ವ್ಯಾಪಾರ, ವಾಸ ಅಂಗಡಿಯ ಮಹಡಿಯಲ್ಲಿ, ಕಿಂಬರ್ಲಿ ಬೀದಿ, ಜಾರ್ಜ್‌ಟೌನ್, ಪೆನಾಂಗ್. ಠಾಣೆಗೆ ಖುದ್ದಾಗಿ ಬಂದು ಹೇಳಿ ಬರೆಸುತ್ತಿರುವುದೇನೆಂದರೆ:

ನನ್ನ ಅಂಗಡಿ ಒಡೆದ ಚಿಯಾ ಬೂನ್ ಲಿಯಾಂಗ್ ನನ್ನ ತಂಗಿ ಸಿಯು ಫೂನ್‌ಳ ಹಿಂದಿನ ಗಂಡ. ನಮ್ಮ ಚೀನೀ ಪಂಚಾಂಗದ ಹುಲಿ ವರ್ಷದಲ್ಲಿ ಹುಟ್ಟಿದ ಅವಳು ಮನೆಗೆ ಆಗಿಬರುವುದಿಲ್ಲವೆಂದು, ಮನೆಯ ದಿಕ್ಕುದೆಸೆ ನೋಡುವ ಫೆಂಗ್ ಶುಯಿ ಪಂಡಿತರಿಂದ ಹೇಳಿಸಿ, ಒಂದು ಪೆಟ್ಟಿಗೆಯೊಂದಿಗೆ ಅವಳನ್ನು ತೈಪಿಂಗ್ ಊರಿನ ಬಸ್ಸು ಹತ್ತಿಸಿದನು. ಅವಳ ಕಾಲಲ್ಲಿ ಅಡುಗೆಮನೆಯ ಚಪ್ಪಲಿ ಇತ್ತು.

ಕಳೆದ ಮೇ ತಿಂಗಳಲ್ಲಿ ಸದರಿಯವನು ನನ್ನ ಅಂಗಡಿಗೆ ಬಂದು, ವ್ಯಾಪಾರ ಕುಸಿದಿದೆಯೆಂದು ತಿಳಿಸಿ, "ಹಳೇದನ್ನೆಲ್ಲ ಮನಸ್ಸಲ್ಲಿಟ್ಕೋಬೇಡಿ ಅತ್ತಿಗೆ. ನಿಮ್ಮ ಕೈಯಾರೆ ಒಂದು ಗಾಳಿಗಂಟೆ ಆರಿಸಿಕೊಡಿ" ಎಂದನು. ಕೈಯಾರೆ ಆರಿಸಿದೆನು. ಅವನ ಪಶ್ಚಿಮದ ಬಾಗಿಲಿಗೆ ಆರು ಟೊಳ್ಳು ಕೊಳವೆಗಳ ಲೋಹದ ಗಂಟೆ ತಕ್ಕುದಾಗಿತ್ತು. ಟೊಳ್ಳಿನಲ್ಲಿ ಶಕ್ತಿ ಮೇಲೇರುತ್ತದೆ. ನಾನು ಗಟ್ಟಿ ಸರಳುಗಳದ್ದನ್ನು ಕೊಟ್ಟು, ಪೂರ್ವದ ಕೋಣೆಯಲ್ಲಿ, ಮಂಚದ ತಲೆಯ ಮೇಲೆ ಕಟ್ಟಲು ಹೇಳಿದೆನು. ಪೂರ್ವ ಮರದ ದಿಕ್ಕು, ಲೋಹ ಮರವನ್ನು ಕಡಿಯುತ್ತದೆ. ತಿಳಿದೇ ಕೊಟ್ಟೆನು. ಅದೇ ಮಂಚದಲ್ಲಿ ಅವನ ಹೊಸ ಹೆಂಡತಿ ಪೇ ಯೀ ಕೂಡ ಮಲಗುತ್ತಾಳೆಂಬುದು ಅಂದು ನನಗೆ ಹೊಳೆಯಲಿಲ್ಲ. ಆ ರಾತ್ರಿಯ ಊಟ ನನಗೆ ರುಚಿಯಾಗಿತ್ತು.

ನಿನ್ನೆ ಬೆಳಿಗ್ಗೆ ಹತ್ತೂವರೆಗೆ ಇಬ್ಬರೂ ಬಂದರು. ಬೇರೊಬ್ಬ ಪಂಡಿತರು ಗಂಟೆ ಕಂಡು ಬೆಚ್ಚಿಬಿದ್ದದ್ದರಿಂದ ಪೇ ಯೀ ತವರಿಗೆ ಹೊರಟು ನಿಂತಿದ್ದಳು. ಅವನು ಗಂಟೆಯನ್ನು ನನ್ನೆದುರು ಎಸೆದು, "ಇದು ಬರೀ ಕಬ್ಬಿಣ ಅಂತ ಇವಳಿಗೆ ಹೇಳಿ" ಎಂದನು. ನೀನೇ ಹೇಳು ಎಂದೆನು.

"ಹೇಳ್ತೀನಿ! ದಿಕ್ಕು, ಗಂಟೆ, ಹುಟ್ಟಿದ ವರ್ಷ, ಎಲ್ಲಾ ಬೊಗಳೆ! ನಾನು ಯಾವತ್ತೂ ನಂಬಿದವನಲ್ಲ!" ಎಂದು ಕೂಗಿದನು. ಎದುರಿನ ನೂಡಲ್ಸ್ ಅಂಗಡಿಯವರೂ ಕೇಳಿಸಿಕೊಂಡಿದ್ದಾರೆ.

"ಹಾಗಾದ್ರೆ ನನ್ನ ತಂಗೀನ ಯಾಕಪ್ಪಾ ಹೊರಗೆ ಹಾಕ್ದೆ?" ಎಂದು ಕೇಳಿದೆನು.

ಪೇ ಯೀ ಅವನತ್ತ ತಿರುಗಿ, "ಅವರೇ ನಿಮ್ಮನ್ನ ಬಿಟ್ಟುಹೋದ್ರು ಅಂದಿದ್ರಲ್ಲ?" ಎಂದಳು. ಅವನು ಬಗ್ಗಿ ಗಂಟೆಯನ್ನು ಎತ್ತಿಕೊಂಡನು. ಅವಳು "ನಾನು ಮೊಲದ ವರ್ಷದವಳು. ನನಗೆ ಯಾವ ನೆಪ ಹುಡುಕಿಟ್ಟಿದ್ದೀರಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೊರಟುಹೋದಳು.

ಅವನು ಅದೇ ಗಂಟೆಯನ್ನು ಬೀಸಿ ಗಾಜಿನ ಕಪಾಟು, ತೂಗುಹಾಕಿದ್ದ ಮಾಲು, ಎಲ್ಲವನ್ನೂ ಒಡೆದನು. ನಾನು ತಡೆಯಲಿಲ್ಲ. ಕುರ್ಚಿ ಎಳೆದುಕೊಂಡು ಕುಳಿತು ನೋಡಿದೆನು.

ನನಗೆ ಪರಿಹಾರ ಬೇಡ. ನನ್ನ ಮೇಲೂ ಕ್ರಮವಿದ್ದರೆ ಆಗಲಿ. ಅವನು ಕೂಗಿದ ಮಾತನ್ನು ಒಂದಕ್ಷರ ಬಿಡದೆ ಬರೆದು, ಮೊಹರು ಹಾಕಿದ ಒಂದು ಪ್ರತಿಯನ್ನು ಕೊಡಬೇಕಾಗಿ ಕೋರುತ್ತೇನೆ. ತಂಗಿಗೆ ಓದಿ ಹೇಳುವುದಿದೆ. ತಾನು ಕಾಲಿಟ್ಟ ಮನೆ ಹಾಳಾಗುತ್ತದೆಂದು ನಂಬಿ ಅವಳು ಇದುವರೆಗೆ ನನ್ನ ಹೊಸ್ತಿಲನ್ನೂ ದಾಟಿಲ್ಲ.

ಬರೆದದ್ದನ್ನು ಓದಿಸಿ ಕೇಳಿದ್ದೇನೆ. ನಾನಾಡಿದಂತೆಯೇ ಇದೆ, ನಿಜವಿದೆ.

ಸ್ಥಳ: ಜಾರ್ಜ್‌ಟೌನ್
ದಿನಾಂಕ: 14 ಆಗಸ್ಟ್ 2019
ಸಹಿ: ಖೂ ಸಿಯು ಎಂಗ್