ದೂರು ಕೊಟ್ಟವನ ಬಾನೆಟ್

ನಮ್ಮ ಹಳೇ ಕಾರುಗಳ ಕ್ಲಬ್ಬಲ್ಲಿ ಹೊಸ ಇಂಜಿನ್ ಹಾಕಿಸಿಕೊಂಡ ಕಾರು ಒಂದೇ ಒಂದು, ಲೈಲ್. ಅದು ನಿನ್ನದು. ಇದು ನನ್ನೊಬ್ಬನ ಮಾತಲ್ಲ, ಊರಲ್ಲಿ ಯಾರನ್ನು ಬೇಕಾದರೂ ಕೇಳು. ಅಧ್ಯಕ್ಷ ವೆಂಡೆಲ್ ಕಾರಲ್ಲಿ, ಅಂದರೆ ನನ್ನ ಕಾರಲ್ಲಿ, ಒಂದು ಸ್ಕ್ರೂ ಕೂಡ ಹೊಸದಿಲ್ಲ, ಲೈಲ್ ಕಾರಲ್ಲಿ ಹಳೇದು ಅಂದರೆ ಲೈಲ್ ಒಬ್ಬನೇ. ಹೀಗಂತಾರೆ... ನಗು, ನಗು. ಬಾಯಿ ತುಂಬ ಡೋನಟ್ ಇಟ್ಟುಕೊಂಡು ನಗಬೇಡ, ಅಷ್ಟೇ. ಸಕ್ಕರೆ ಪುಡಿ ನನ್ನ ಪಾಂಟಿಯಾಕ್ ಕಾರಿನ ಮೇಲೆ ಬೀಳ್ತಾ ಇದೆ.

ಹಿಂದೆ ಸರಿ. ಇನ್ನೂ ಸ್ವಲ್ಪ. ಹಾಂ.

ನೋಡು, ಎಲ್ಲರೂ ಹೋಟೆಲ್ ಒಳಗೆ ಪ್ಯಾನ್‌ಕೇಕ್ ತಿನ್ತಾ ಇದಾರೆ. ಮುಗಿಸಿ ಹೊರಗೆ ಬಂದ ಕೂಡಲೇ ಇಲ್ಲೇ, ಈ ಪಾರ್ಕಿಂಗಲ್ಲೇ ಕೈ ಎತ್ತಿಸಬೇಕು. ಲೈಲ್ ಕ್ಲಬ್ಬಲ್ಲಿ ಇರಬೇಕೋ ಬೇಡವೋ. ಬೇಡ ಅಂತಲೇ ಆಗೋದು. ಅದಕ್ಕೇ ನಾನೊಬ್ಬನೇ ಮೊದಲು ಎದ್ದು ಬಂದೆ. ಅಧ್ಯಕ್ಷನಾಗಿ ಅಲ್ಲ, ನಿನ್ನ ಅಕ್ಕನ ಗಂಡನಾಗಿ ಹೇಳ್ತೀನಿ, ನೀನಾಗೇ ಬಿಟ್ಟು ಹೋಗು. ಮರ್ಯಾದೆ ಉಳಿಯುತ್ತೆ... ಏನು ಹುಬ್ಬು ಏರಿಸ್ತೀಯ? ನಿನ್ನ ಮರ್ಯಾದೆ ಕಣೋ! ಮತ್ಯಾರದ್ದು?

ಲೊರೆಟ್ಟಾ ವಿಷಯ ಬೇಡ. ನಾನು ನಿನ್ನ ಮೇಲೆ ಕ್ಲಬ್ಬಿಗೆ ದೂರು ಕೊಟ್ಟಾಗಿನಿಂದ ನಿಮ್ಮಕ್ಕ ನನಗೆ ಡಬ್ಬಿಯ ಬೀನ್ಸ್ ಬಡಿಸ್ತಾ ಇದಾಳೆ. ಬಿಸಿ ಕೂಡ ಮಾಡಲ್ಲ. ತಿನ್ತೀನಿ. ತತ್ವ ಅಂದಮೇಲೆ ತಣ್ಣಗಿದ್ದರೂ ನುಂಗಬೇಕು.

ಏನು ಮಾಡಿದೀಯ ಅಂತ ಗೊತ್ತಾ ನಿನಗೆ? ಅರವತ್ತೆಂಟನೇ ಇಸವಿಯ ಶೆವೆಲ್ ಕಾರು! ಅಂಥಾ ಗುಡುಗೋ ಇಂಜಿನ್ ಕಿತ್ತೆಸೆದು, ಎಲ್ಲೋ ಗುದ್ದಿ ನುಜ್ಜಾದ ಪಿಕಪ್ಪಿನ ಇಂಜಿನ್ ತಂದು ಕೂರಿಸಿದೆ. ಪೆಟ್ರೋಲ್ ಎಷ್ಟು ಕುಡೀಬೇಕು ಅಂತ ಅದಕ್ಕೊಂದು ಕಂಪ್ಯೂಟರ್ ಹೇಳಿಕೊಡುತ್ತಂತೆ! ಡಿಸ್ಕ್ ಬ್ರೇಕಂತೆ! ನಿಲ್ಲು ಅಂದರೆ ನಿಲ್ಲುತ್ತಂತೆ! ಆಗಿನ ಕಾರು ನಿಲ್ಲು ಅಂದರೆ ಯೋಚನೆ ಮಾಡ್ತಿತ್ತು ಮಾರಾಯ. ಅದಕ್ಕೊಂದು ಘನತೆ ಇತ್ತು. ಚರಿತ್ರೆ ಪಾಠ ಹೇಳಿ ಹೇಳಿ ತಲೆಗೂದಲು ಕಳಕೊಂಡವನು ನಾನು. ಯಾವುದು ಮೂಲ, ಯಾವುದು ನಕಲಿ ಅಂತ ನನಗೆ...

ಏನದು? ನನ್ನ ಬಾನೆಟ್ ಯಾಕೆ ತಟ್ತಾ ಇದೀಯ?

... ಹೂಂ. ಇದೆ. ಆ ನಿಯಮ ಇದೆ. ದೂರು ಕೊಟ್ಟವನು ಮೊದಲು ತನ್ನ ಬಾನೆಟ್ ಎತ್ತಿ ತೋರಿಸಬೇಕು. ಬರೆದವನು ನಾನು, ನನಗೇ ನೆನಪು ಮಾಡ್ತೀಯಾ? ಅದು ಶೋಭೆಗೆ ಇರೋ ನಿಯಮ, ಲೈಲ್. ಇವತ್ತಿನವರೆಗೆ ಯಾರೂ ಕೇಳಿಲ್ಲ. ಮಾನವಂತರು ಕೇಳಲ್ಲ... ಎತ್ತಲ್ಲ ಅಂತ ಎಲ್ಲಿ ಹೇಳಿದೆ? ಕೊಕ್ಕೆ ಹಿಡಕೊಂಡುಬಿಟ್ಟಿದೆ. ತುಕ್ಕು. ಅಂಥಿಂಥ ತುಕ್ಕಲ್ಲ, ಮೂಲ ತುಕ್ಕು! ಕಾರಿನ ಜೊತೆಗೇ ಬಂದ... ಅಲ್ಲ, ಜೊತೆಗೆ ಬರಲಿಲ್ಲ, ಆಮೇಲೆ ಬಂತು, ಆದರೆ ಆಗಲೇ ಬಂತು.

ಹಾಗೆ ನೋಡಬೇಡ. ಅನುಮಾನಾನಾ? ಕಿವಿ ಇದ್ದವನಿಗೆ ಬಾನೆಟ್ ಬೇಕಿಲ್ಲ, ಸದ್ದು ಸಾಕು. ತಡಿ, ಒಳಗೆ ಕೂರ್ತೀನಿ. ಈ ಓಹಿಯೋ ಚಳಿಯಲ್ಲಿ ಹಳೇ ಇಂಜಿನ್ ಎಬ್ಬಿಸೋದು ಅಂದರೆ ಸುಮ್ಮನೆ ಅಲ್ಲ. ಮೊದಲು ಪೆಡಲ್ ತುಳಿದು ತುಳಿದು ಪೆಟ್ರೋಲ್ ಕುಡಿಸಬೇಕು. ಹೀಗೆ. ಇನ್ನೊಂದು ಸಲ ಹೀಗೆ. ಆಮೇಲೆ ಸ್ವಲ್ಪ ಬೈಯಬೇಕು. ಆಮೇಲೆ ದೇವರ ಹೆಸರು ಹೇಳಿ ಕೀ ಮೆಲ್ಲಗೆ...

ಅಯ್ಯೋ.

ಒಂದೇ ಸಲಕ್ಕೆ ಸ್ಟಾರ್ಟ್ ಆಯ್ತು... ಆಗಾಗ ಹಾಗಾಗುತ್ತೆ. ಬರುವಾಗ ಓಡಿಸಿಕೊಂಡು ಬಂದೆನಲ್ಲ, ಬಿಸಿ ಇದೆ. ಗಡಿಯಾರ ಯಾಕೆ ನೋಡ್ತೀಯ? ಬಂದು ಬಹಳ ಹೊತ್ತಾದರೇನು, ಹಳೇ ಕಬ್ಬಿಣ ಬಿಸಿ ಹಿಡಿದಿಟ್ಟುಕೊಳ್ಳುತ್ತೆ!

ಏ, ಕಾಫಿ ಲೋಟ ಬಾನೆಟ್ ಮೇಲೆ ಇಡಬೇಡ! ಬಣ್ಣ! ತೆಗಿ! ... ಲೋಟದೊಳಗೆ ಏನು ಇಣುಕ್ತಾ ಇದೀಯ? ಇಂಜಿನ್ ಓಡ್ತಾ ಇದ್ದರೂ ಕಾಫಿ ಅಲ್ಲಾಡ್ತಾ ಇಲ್ಲ. ಸರಿ, ಅಲ್ಲಾಡ್ತಾ ಇಲ್ಲ. ಅದಕ್ಕೆ ನಾನೇನು ಮಾಡಲಿ? ಈ ಹೋಟೆಲಿನ ಕಾಫಿ ಯಾವತ್ತೂ ಗಟ್ಟಿ.

ಆರಿಸಿದೆ, ಬಿಡು. ಸದ್ದೂ ಬೇಡ. ಕಾರಿನ ಕೆಳಗೆ ನೋಡು. ರಟ್ಟು ಹಾಸಿದೀನಲ್ಲ, ಅದರ ಮೇಲೆ ಏನಿದೆ? ಎಣ್ಣೆ! ಹಳೇ ಇಂಜಿನ್ ಅಂದಮೇಲೆ ತೊಟ್ಟಿಕ್ಕಲೇಬೇಕು. ನಿನ್ನ ಶೆವೆಲ್ ಕೆಳಗಿನ ನೆಲ ನೋಡು, ತೊಳೆದಿಟ್ಟ ತಟ್ಟೆ ಇದ್ದ ಹಾಗಿದೆ. ನಾಚಿಕೆ ಆಗಲ್ವಾ?

ಯಾಕೆ ಬಗ್ತೀಯ? ಮಂಡಿ ನೋವು ಅಂತಿದ್ದೆಯಲ್ಲ, ಬಗ್ಗಬೇಡ. ಮುಟ್ಟಬೇಡ. ಬೆರಳು ನನಗ್ಯಾಕೆ ತೋರಿಸ್ತೀಯ? ಜೇನಿನ ಬಣ್ಣ ಇದೆ, ಹೌದು. ನಿನ್ನೆ ತಾನೇ ಎಣ್ಣೆ ಬದಲಾಯಿಸಿದೆ. ಮೂಸಬೇಡ! ... ನೆಕ್ಕಬೇಡ ಕಣೋ, ಥೂ!

ಮೆಕ್ಕೆಜೋಳದ ಅಡುಗೆ ಎಣ್ಣೆ ಅಂತ ಯಾರು ಹೇಳಿದರು?

ನೀನು ಹೇಳಲಿಲ್ಲವಾ? ಏನೂ ಹೇಳಲಿಲ್ಲವಾ? ... ಹಾಗಾದರೆ ನಾನೂ ಹೇಳಲಿಲ್ಲ.

ಬೈಯಿ. ಬೈದುಬಿಡು ಅಂದರೆ! ಹೀಗೆ ಕಂಬದ ಥರ ನಿಲ್ಲಬೇಡ. ಕ್ಲಾಸಲ್ಲಿ ಹುಡುಗರು ಹೀಗೆ ಸುಮ್ಮನೆ ಕೂತರೆ ನನಗೆ ಉತ್ತರ ಮರೆತುಹೋಗ್ತಿತ್ತು... ಅಗೋ, ಬಾಗಿಲು ತೆರೀತು. ಮರ್ಲ್ ಬಂದ, ಹಲ್ಲಿಗೆ ಕಡ್ಡಿ ಚುಚ್ಚಿಕೊಂಡು. ಅವನ ಹಿಂದೆ ಕ್ಲಬ್ಬಿಗೆ ಕ್ಲಬ್ಬೇ. ಲೈಲ್, ಕೇಳು, ಮತ ಮುಂದೂಡ್ತೀನಿ. ವಸಂತಕ್ಕೆ ನೋಡೋಣ. ಬೇಡವಾ? ದೂರೇ ವಾಪಸ್ ತಗೋತೀನಿ. ತಗೊಂಡೆ. ಆಯ್ತಾ? ನಿಯಮ ಗಿಯಮ ಎಲ್ಲ ನಾವು ಮಾಡಿದ್ದೇ ತಾನೇ... ಬಾನೆಟ್ ಮೇಲಿಂದ ಕೈ ತೆಗಿ. ದಮ್ಮಯ್ಯ, ನಿಧಾನಕ್ಕೆ ತೆಗಿ, ಅವರಿಗೆ ಕಾಣಬಾರದು.



... ಹತ್ತಿರ ಬಾ. ಇನ್ನೂ ಹತ್ತಿರ. ಒಂದು ವಿಷಯ ಕೇಳ್ತೀನಿ, ಇಷ್ಟು ದಿನ ಊರಲ್ಲಿ ಯಾರನ್ನೂ ಕೇಳೋ ಹಾಗಿರಲಿಲ್ಲ. ಚಳಿ ಶುರುವಾದರೆ ನಿನ್ನ ಕಂಪ್ಯೂಟರ್ ಒಂದು ಹಳದಿ ದೀಪ ಹಚ್ಚುತ್ತಾ?

ನನ್ನದು ಹಚ್ಚುತ್ತೆ.